ಸೂಲಗಿತ್ತಿ ನರಸಮ್ಮನವರು

ಡಿಸೆಂಬರ್ 25ನೆಯ ತಾರೀಖು ಲೋಕದ ದೊಡ್ಡದೊಂದು ಭಾಗವು ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸೊಂದನ್ನು ನೆನೆದು ಹಬ್ಬ ಮಾಡುವ ದಿನ. 2018ನೆಯ ಇಸವಿಯಲ್ಲಿ ಅದೇ ದಿನ, ತಮ್ಮ 98ನೆಯ ವಯಸ್ಸಿನಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸೂಲಗಿತ್ತಿ ನರಸಮ್ಮನವರು ದೇಹವಿಟ್ಟರು. ಹದಿನೈದು ಸಾವಿರಕ್ಕೂ ಮಿಕ್ಕಿ ಕೂಸುಗಳ ಮೊದಲನೆಯ ಉಸಿರಿಗೆ ಸಾಕ್ಷಿಯಾಗಿದ್ದ ಆ ತಾಯಿಗೆ ಕಡೆಯ ದಿನಗಳಲ್ಲಿ ತಮ್ಮ ಉಸಿರಿಗೆ ಯಂತ್ರದ ಆಸರೆ ಬೇಕಾಯಿತು. ಶ್ವಾಸಕೋಶದ ಹಳೆಯ ವ್ಯಾಧಿ ಅವರನ್ನು ಸೋಲಿಸಿತು. ಅಂದಿನಿಂದ ಈ ತಾರೀಖು ಬಂದಾಗಲೆಲ್ಲ ಅವರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಾವು ಎಣಿಸುವುದೂ, ಅಂದಂದಿನ ರಾಜಕೀಯದ ಗದ್ದಲದಲ್ಲಿ ಅದು ಹಿಂದೆ ಬೀಳುವುದೂ ನಡೆದು ಬಂದಿದೆ. ಈ ಸಲ ಹಾಗಾಗಗೊಡಬಾರದೆಂದು ನಿಶ್ಚಯಿಸಿ ಲೇಖನಿಯನ್ನು ಕೈಗೆತ್ತಿಕೊಂಡಿದ್ದೇವೆ.

ನರಸಮ್ಮನವರು 1920ರಲ್ಲಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಹುಟ್ಟಿದವರು. ಭೂಪಟವನ್ನು ನೋಡಿದ ವಾಚಕರು ಬಲ್ಲರು: ಪಾವಗಡವು ಹೆಸರಿಗೆ ತುಮಕೂರಿನದಾದರೂ ಆ ಜಿಲ್ಲೆಯ ಮೈಗೆ ಅಂಟಿಕೊಂಡಿಲ್ಲ, ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿಯಲ್ಪಟ್ಟು, ಚಿತ್ರದುರ್ಗದ ಕಡೆಯಿಂದ ಮಾತ್ರ ಕನ್ನಡ ನಾಡಿನ ಕೈ ಹಿಡಿದುಕೊಂಡಿದೆ. ಕಲ್ಲುಗುಡ್ಡ, ಬರ, ಬಿಸಿಲು, ಇವೇ ಅಲ್ಲಿಯ ಆಸ್ತಿ. ಆ ಬಿಸಿಲನ್ನೇ ವಿದ್ಯುತ್ತಾಗಿ ಮಾಡುವ ದೊಡ್ಡ ಸ್ಥಾವರ ಅಲ್ಲಿ ಈಗ ಎದ್ದಿದೆಯೆಂಬುದು ಬೇರೆ ಮಾತು. ಅಲೆಮಾರಿ ಬುಡಕಟ್ಟಿನ ಮನೆತನ, ಮನೆಯ ಮಾತು ತೆಲುಗು, ಅಕ್ಷರದ ಪರಿಚಯವಿಲ್ಲ. ಹನ್ನೆರಡನೆಯ ವಯಸ್ಸಿಗೆ ಮದುವೆ. ಯಜಮಾನರ ಹೆಸರು ಅಂಜಿನಪ್ಪ. ಇಂಥ ಬಾಳುಗಳು ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಹುಟ್ಟಿ, ಒಂದು ಕಾಗದದ ಮೇಲೂ ದಾಖಲಾಗದೆ ಮುಗಿದು ಹೋಗಿವೆ.

ಈ ಒಂದು ಬಾಳು ಹಾಗೆ ಮುಗಿಯದಿರಲು ಕಾರಣರಾದವರು ಅವರ ಅಜ್ಜಿ ಮಾರಿಗೆಮ್ಮನವರು. ಆಕೆ ಸೂಲಗಿತ್ತಿ. ನರಸಮ್ಮನವರ ಹೆರಿಗೆಗಳಲ್ಲಿ ಐದನ್ನು ಮಾಡಿಸಿದವರು ಆ ಅಜ್ಜಿಯೇ. ನೋವು ತಿನ್ನುತ್ತ ಮಲಗಿದ್ದಾಗ ಅಜ್ಜಿಯ ಕೈ ಎಲ್ಲಿ ಒತ್ತಿತು, ಎಲ್ಲಿ ಸುಮ್ಮನೆ ಕಾಯಿತು ಎಂಬುದನ್ನು ತಮ್ಮ ಮೈಯಿಂದಲೇ ಕಲಿತ ವಿದ್ಯಾರ್ಥಿನಿ ಈಕೆ. ಯಾವ ವೈದ್ಯಕೀಯ ಕಾಲೇಜಿನ ಪುರುಷ ಪ್ರಾಧ್ಯಾಪಕನಿಗೂ ಆ ಬಗೆಯ ಪಾಠ ದೊರೆಯಲಾರದು! 1940ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಬಂಧುವೊಬ್ಬರ ಹೆರಿಗೆಗೆ ಕೈಕೊಟ್ಟುದು ಅವರ ಮೊದಲನೆಯ ಕೆಲಸ. ಊರಿಗೆ ಬಂದು ಬೀಡುಬಿಡುತ್ತಿದ್ದ ಅಲೆಮಾರಿಗಳಿಂದ ಬಸುರಿಯರಿಗೂ ಬಾಣಂತಿಯರಿಗೂ ಹಿತವಾದ ಗಿಡಮೂಲಿಕೆಗಳ ತಿಳಿವಳಿಕೆಯನ್ನು ಸಂಪಾದಿಸಿದರು. ಕಾಲಕ್ರಮದಲ್ಲಿ ಅವರ ಬೆರಳುಗಳಿಗೆ ಎಂಥ ಹದ ಬಂದಿತೆಂದರೆ, ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎತ್ತ ತಿರುಗಿದೆ, ನಾಡಿ ಹೇಗೆ ಆಡುತ್ತಿದೆ ಎಂಬುದನ್ನು ಅವರು ಹೇಳುತ್ತಿದ್ದರೆಂದು ಅವರನ್ನು ಕಂಡವರ ಮಾತು.

ಸೂಲಗಿತ್ತಿ ಎಂಬ ಪದದ ವಿಷಯವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಪಟ್ಟಣದ ಎಳೆಯರಲ್ಲಿ ಕೆಲವರು ಈ ಪದವನ್ನು ಉಚ್ಚರಿಸಲು ಸಂಕೋಚಪಡುವುದನ್ನು ನಾವು ಕಂಡಿದ್ದೇವೆ. ಅದರ ಧ್ವನಿ ಬೇರೊಂದು ಪದವನ್ನು ನೆನಪಿಗೆ ತರುವುದಂತೆ. ಸೂಲು ಎಂದರೆ ಪ್ರಸವ. ಒಕ್ಕಲಗಿತ್ತಿ, ಮದುವಣಗಿತ್ತಿ ಎಂಬಲ್ಲಿ ಇರುವ ಪ್ರತ್ಯಯವೇ ಇಲ್ಲಿಯೂ ಇರುವುದು. ಇಷ್ಟು ಸ್ವಚ್ಛವಾದ ಪದ ನಮ್ಮ ಭಾಷೆಯಲ್ಲಿ ಇರುವಾಗ ಅದನ್ನಾಡಲು ನಾಚುವುದೇಕೆ? ನರಸಮ್ಮನವರಂತೂ ನಾಚಲಿಲ್ಲ. ರಾಷ್ಟ್ರಪತಿಯವರ ಮುಂದೆ ನಿಂತಾಗಲೂ ಅವರ ಹೆಸರಿನ ಹಿಂದೆ ಇದ್ದ ಬಿರುದು ಇದೊಂದೇ.

ಹದಿನೈದು ಸಾವಿರವೆಂಬ ಸಂಖ್ಯೆಯನ್ನು ಕೇಳಿ ಹುಬ್ಬೇರಿಸುವವರುಂಟು. ನಾವೂ ಲೆಕ್ಕ ಹಾಕಿ ನೋಡಿದೆವು. ಎಪ್ಪತ್ತು ವರ್ಷಗಳ ಕಾಲ ಕೆಲಸ ಮಾಡಿದರೆಂದು ಇಟ್ಟುಕೊಂಡರೆ ವರ್ಷಕ್ಕೆ ಇನ್ನೂರಕ್ಕೆ ಸ್ವಲ್ಪ ಮೇಲಾಗುವುದು. ಎಂದರೆ ವಾರಕ್ಕೆ ನಾಲ್ಕು. ದೊಡ್ಡ ಆಸ್ಪತ್ರೆಯ ದಾದಿಗೆ ಇದೊಂದು ಲೆಕ್ಕವಲ್ಲ. ಆದರೆ ಕರೆ ಬಂದ ಕಡೆಗೆ ನಡೆದು ಹೋಗಬೇಕಾದವಳಿಗೆ, ಹೋದ ಮೇಲೆ ಕೂಸು ಭೂಮಿಗೆ ಬೀಳುವತನಕ ಅಲ್ಲಿಯೇ ಕೂರಬೇಕಾದವಳಿಗೆ, ವಾರಕ್ಕೆ ನಾಲ್ಕು ಎಂದರೆ ನಿದ್ದೆಯ ಮಾತೇ ಇಲ್ಲ. ಇಷ್ಟು ಮಾಡಿದುದಕ್ಕೆ ಅವರು ಹಣ ಪಡೆಯಲಿಲ್ಲ. ಅದು ಧರ್ಮದ ಕೆಲಸ, ದರವಿಟ್ಟು ಮಾರುವ ಸರಕಲ್ಲವೆಂದು ಅವರ ಭಾವನೆ.

ಪರರ ಕೂಸುಗಳನ್ನು ಎತ್ತಿಕೊಳ್ಳುತ್ತಿದ್ದ ಈ ಕೈಗಳಿಗೆ ತನ್ನ ಕೂಸುಗಳೂ ಇದ್ದುವು. ಹನ್ನೆರಡು ಮಕ್ಕಳನ್ನು ಹೆತ್ತರು. ಅವುಗಳಲ್ಲಿ ನಾಲ್ಕು ಎಳೆಯದರಲ್ಲಿಯೇ ತೀರಿಕೊಂಡುವು. ಈ ಒಂದು ಸಂಗತಿಯನ್ನು ಅವರ ಸನ್ಮಾನದ ವರದಿಗಳು ಒಂದು ಸಾಲಿನಲ್ಲಿ ದಾಟಿ ಹೋಗುತ್ತವೆ. ನಾವು ಅಲ್ಲಿಯೇ ನಿಲ್ಲುತ್ತೇವೆ. ನಾಲ್ಕು ಸಲ ಬರಿದಾದ ಮಡಿಲಿನವಳು ಮತ್ತೊಬ್ಬಳ ಮನೆಯ ಬಾಗಿಲಿಗೆ ಹೋಗಿ, ನೆಲದ ಮೇಲೆ ಕುಳಿತು, "ಏನೂ ಹೆದರಬೇಡ" ಎಂದು ಹೇಳಲು ಎಷ್ಟು ಧೈರ್ಯ ಬೇಕು! ಕಳೆದುಕೊಂಡವಳ ಬಾಯಿಂದ ಬಂದುದರಿಂದಲೇ ಆ ಮಾತನ್ನು ನೋವಿನಲ್ಲಿದ್ದವಳು ನಂಬುತ್ತಿದ್ದಳೋ ಏನೋ.

ಮನ್ನಣೆ ಬಂದುದು ಬಹಳ ತಡವಾಗಿ. ತೊಂಬತ್ತು ದಾಟಿದ ಮೇಲೆ, 2012ರಲ್ಲಿ ರಾಜ್ಯ ಸರ್ಕಾರದ ದೇವರಾಜ ಅರಸು ಪ್ರಶಸ್ತಿ. 2013ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿಯೂ ಕೇಂದ್ರದ ವಯೋಶ್ರೇಷ್ಠ ಸನ್ಮಾನವೂ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್. ಓದುಬಾರದ ಸೂಲಗಿತ್ತಿ ಹೀಗೆ ಡಾಕ್ಟರ್ ನರಸಮ್ಮನಾದರು. 2018ರ ಮಾರ್ಚಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರವರ ಕೈಯಿಂದ ಪದ್ಮಶ್ರೀ. ಅದನ್ನು ಪಡೆದು ಅವರು ಬದುಕಿದುದು ಇನ್ನೊಂಬತ್ತು ತಿಂಗಳು. ತೊಂಬತ್ತಕ್ಕೆ ಮುಂಚೆಯೇ ಅವರು ಕಣ್ಣು ಮುಚ್ಚಿದ್ದರೆ ನಾವು ಯಾರೂ ಅವರ ಹೆಸರನ್ನು ಕೇಳುತ್ತಲೇ ಇರಲಿಲ್ಲ. ಅವರ ಕೀರ್ತಿಗೆ ಅವರ ಸೇವೆ ಎಷ್ಟು ಕಾರಣವೋ ಅವರ ದೀರ್ಘಾಯುಷ್ಯವೂ ಅಷ್ಟೇ ಕಾರಣ. ಅಷ್ಟು ಕಾಲ ಬದುಕದೆ ಹೋದ ಸೂಲಗಿತ್ತಿಯರ ಗತಿಯೇನು? ಈ ಪ್ರಶ್ನೆಯೇ ನಮ್ಮನ್ನು ನಮ್ಮ ಊರಿಗೆ ಕರೆದುಕೊಂಡು ಬರುತ್ತದೆ.

ಬೆಂಗಳೂರಿನಿಂದ ಹಾಸನಕ್ಕೆ ಬರುವ ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸನ್ನು ದಾಟಿದ ಮೇಲೆ, ಚನ್ನರಾಯಪಟ್ಟಣ ಸೇರುವುದಕ್ಕೆ ಮುಂಚೆ ಹಿರೀಸಾವೆ ಸಿಕ್ಕುತ್ತದೆ. ಶ್ರವಣಬೆಳಗೊಳದ ಯಾತ್ರಿಕರಲ್ಲಿ ಅನೇಕರು ಅಲ್ಲಿಂದಲೇ ತಿರುಗುವುದು. ಇಂದು ಆ ದಾರಿಯಲ್ಲಿ ಕಾರುಗಳು ಕಣ್ಣುಮಿಟುಕಿಸುವಷ್ಟರಲ್ಲಿ ಹಾಯ್ದು ಹೋಗುವುವು. ನಾವು ಹುಟ್ಟಿದುದು ಆ ಹೋಬಳಿಯ ಒಂದು ಹಳ್ಳಿಯಲ್ಲಿ, ತೆಂಗಿನ ತೋಟಕ್ಕೂ ರಾಗಿಯ ಹೊಲಕ್ಕೂ ನಡುವಣ ಒಂದು ಮನೆಯಲ್ಲಿ. ಇದು ನಡೆದುದು ಬಹಳ ಹಿಂದಿನ ಕಾಲದಲ್ಲೇನೂ ಅಲ್ಲ; ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟ ತರುವಾಯದ ಮಾತು. ಆದರೂ ತಾಲ್ಲೂಕಿನ ಆಸ್ಪತ್ರೆಗೆ ಇಪ್ಪತ್ತು ಕಿಲೋಮೀಟರುಗಳಷ್ಟು ಎತ್ತಿನ ಗಾಡಿಯಲ್ಲಿ ಹೋಗಬೇಕಾಗಿತ್ತು. ಆಷಾಢದ ಗಾಳಿಮಳೆ. ಮಧ್ಯಾಹ್ನ ಹಿಡಿದ ಬೇನೆ ಮರುದಿನ ಬೆಳಗಾದರೂ ಬಿಟ್ಟಿರಲಿಲ್ಲವೆಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಗಾಡಿ ಕಟ್ಟಲೋ ಬೇಡವೋ ಎಂದು ಗಂಡಸರು ಜಗಲಿಯ ಮೇಲೆ ತರ್ಕ ಮಾಡುತ್ತಿದ್ದರಂತೆ. ಒಳಗೆ ಇದ್ದುದು ಒಬ್ಬಳೇ ಮುದುಕಿ. "ಇನ್ನೊಂದ್ ಗಳಿಗೆ ತಡ್ಕೊ ನನ್ನವ್ವ, ನಾನ್ ಇಲ್ಲೇ ಇವ್ನಿ" ಎಂದು ಆಕೆ ರಾತ್ರಿಯೆಲ್ಲ ಹೇಳಿದುದನ್ನು ನಮ್ಮ ತಾಯಿ ಸಾಯುವವರೆಗೂ ಮರೆಯಲಿಲ್ಲ. ಹರಳೆಣ್ಣೆ ಕಾಯಿಸಿ ಸೊಂಟಕ್ಕೆ ತಿಕ್ಕಿದಳು, ಎಬ್ಬಿಸಿ ಗೋಡೆ ಹಿಡಿಸಿ ನಡೆಸಿದಳು, ಮತ್ತೆ ಕೂರಿಸಿದಳು. ಹೊತ್ತು ಏರಿದ ಮೇಲೆ ನಾವು ಹುಟ್ಟಿದೆವು. ಕೂಸು ಅಳಲಿಲ್ಲವಂತೆ. ಕಾಲು ಹಿಡಿದು ತಲೆಕೆಳಗು ಮಾಡಿ, ಬಾಯೊಳಗೆ ಬೆರಳು ಹಾಕಿ ಲೋಳೆ ತೆಗೆದು, ಬೆನ್ನು ತಟ್ಟಿ ಅಳಿಸಿದವಳು ಆಕೆ. ಈ ಪತ್ರಿಕೆಯನ್ನು ಓದಿ ನಮ್ಮ ಮೇಲೆ ಕೋಪಗೊಳ್ಳುವ ಮಹನೀಯರು ಆ ಮುದುಕಿಯನ್ನೇ ದೂರಬೇಕು.

ಹನ್ನೊಂದನೆಯ ದಿನ ಪುರುಡು ಕಳೆದ ಮೇಲೆ ಆಕೆಗೆ ಸಲ್ಲಬೇಕಾದುದು ಸಂದಿತು: ಒಂದು ಮೊರದ ತುಂಬ ಅಕ್ಕಿ, ಬೆಲ್ಲದ ಉಂಡೆ, ತೆಂಗಿನಕಾಯಿ, ಎಲೆ ಅಡಕೆ, ಒಂದು ರವಿಕೆಯ ಕಣ. ಆಮೇಲೆ? ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ. ಆದರೆ ಬರೆಯದೆ ಬಿಡುವುದು ಇನ್ನೂ ನಾಚಿಕೆಗೇಡು. ಬಾಣಂತಿಯ ಕೋಣೆಯೊಳಗೆ ಹನ್ನೊಂದು ದಿನ ಸಲೀಸಾಗಿ ಓಡಾಡಿ, ನಮ್ಮನ್ನು ಮನೆಯವರೆಲ್ಲರಿಗಿಂತ ಮೊದಲು ಮುಟ್ಟಿ, ತನ್ನ ಕಾಲುಗಳ ಮೇಲೆ ಮಲಗಿಸಿಕೊಂಡು ಎರೆದವಳು, ಮನೆಗೆ ಶುದ್ಧಿಯಾದ ಮರುಗಳಿಗೆಯಿಂದ ಹೊಸಿಲಿನ ಆಚೆ. ನಾವು ಏಳೆಂಟು ವರ್ಷದ ಹುಡುಗರಾಗಿದ್ದಾಗ, ಬೇಸಗೆಯ ಒಂದು ಮಧ್ಯಾಹ್ನ ಆಕೆ ನಮ್ಮ ಅಂಗಳಕ್ಕೆ ಬಂದು ನೀರು ಕೇಳಿದುದು ನಮಗೆ ಚೆನ್ನಾಗಿ ನೆನಪಿದೆ. ಮನೆಯ ಹಿರಿಯರೊಬ್ಬರು ಚೊಂಬಿನಿಂದ ಎತ್ತರಕ್ಕೆ ಹಿಡಿದು ಹೊಯ್ದರು. ಆಕೆ ಬಾಗಿ ಬೊಗಸೆಯೊಡ್ಡಿ ಕುಡಿದಳು. ಕುಡಿದು ನಮ್ಮ ಕಡೆಗೆ ನೋಡಿ ನಕ್ಕು, "ಬೆಳ್ದವ್ನೆ ನನ್ ಮಗ" ಎಂದಳು. ಹುಡುಗನಾದ ನಮಗೆ ಆಕೆಯನ್ನು ಏನೆಂದು ಕರೆಯಬೇಕೆಂದು ತಿಳಿಯಲಿಲ್ಲ. ಒಳಗೆ ಓಡಿ ಹೋದೆವು. ಆ ಮನೆ ನಮ್ಮದೇ; ಹೊಯ್ದವರು ನಮ್ಮವರೇ. ದೇಶಕ್ಕೆ ಸ್ವಾತಂತ್ರ್ಯ ಬಂದು, ಅಸ್ಪೃಶ್ಯತೆಯನ್ನು ಅಪರಾಧವೆಂದು 1955ರಲ್ಲಿಯೇ ಕಾನೂನು ಆಗಿ, ಎರಡು ದಶಕಗಳೂ ಕಳೆದಿದ್ದುವು.

ಸೂಲಗಿತ್ತಿಯ ಕೈ ಕೊಳಕೆಂದು ಹೇಳಿದವರು ಹಳ್ಳಿಯವರು ಮಾತ್ರವಲ್ಲ. 1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ಅವರು ಭಾರತದ ಸ್ತ್ರೀಯರಿಗೆ ವೈದ್ಯಸಹಾಯ ಒದಗಿಸಲು ನಿಧಿಯನ್ನು ಸ್ಥಾಪಿಸಿದರು. 1903ರಲ್ಲಿ ಲೇಡಿ ಕರ್ಜನ್ ಅವರ ಉತ್ಸಾಹದಿಂದ ಸೂಲಗಿತ್ತಿಯರಿಗೆ ಶಿಕ್ಷಣ ಕೊಡಲು ವಿಕ್ಟೋರಿಯಾ ಸ್ಮಾರಕ ನಿಧಿ ಹುಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಆ ಕಾಲದ ಬರಹಗಳಲ್ಲಿ ದೇಶದ ಬಾಣಂತಿಯರ ಸಾವಿಗೆಲ್ಲ ಈ ಒಬ್ಬ ಮುದುಕಿಯ ಉಗುರುಗಳೇ ಕಾರಣವೆಂಬ ಮಾತು ಮತ್ತೆ ಮತ್ತೆ ಬರುವುದು. ಊಟಕ್ಕಿಲ್ಲದೆ ರಕ್ತ ಬತ್ತಿದ ಬಸುರಿಯರ, ಹದಿಮೂರಕ್ಕೆ ಬಸುರಾದ ಹುಡುಗಿಯರ, ಇಪ್ಪತ್ತು ಮೈಲಿಗೊಂದು ಔಷಧಾಲಯವಿಲ್ಲದ ಆಡಳಿತದ ಮಾತು ಅಷ್ಟಾಗಿ ಬರುವುದಿಲ್ಲ.

ಈ ದೂಷಣೆಯನ್ನು ಮಾಡಿದವರ ಸ್ವಂತ ಖಂಡದಲ್ಲಿ ನಡೆದುದೇನು? ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುತ್ತಿದ್ದವರು ನೂರಕ್ಕೆ ಹತ್ತರಷ್ಟು. ಸೂಲಗಿತ್ತಿಯರ ವಿಭಾಗದಲ್ಲಿ ನಾಲ್ಕರಷ್ಟು. ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು 1847ರಲ್ಲಿ ಇದರ ಗುಟ್ಟನ್ನು ಕಂಡುಹಿಡಿದನು: ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲಿಯೇ ಬಂದು ಬಸುರಿಯರನ್ನು ಪರೀಕ್ಷಿಸುತ್ತಿದ್ದರು. ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆದು ಬನ್ನಿರೆಂದು ಆತನು ಕಟ್ಟುಮಾಡಿದ ಮೇಲೆ, ಮರುವರ್ಷ ಸಾವು ನೂರಕ್ಕೆ ಒಂದು ಚಿಲ್ಲರೆಗೆ ಇಳಿಯಿತು. ಘನವೈದ್ಯರಿಗೆ ಇದು ಅಪಮಾನವಾಗಿ ತೋರಿತು. ಸೆಮ್ಮೆಲ್‌ವೈಸ್ ಕೆಲಸ ಕಳೆದುಕೊಂಡು, ಕಡೆಗೆ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತನು. ಕೊಳಕು ಅಂಟುವುದಕ್ಕೆ ಪದವಿ ಪತ್ರ ಅಡ್ಡಿಯಾಗುವುದಿಲ್ಲ.

ಹಾಗೆಂದು ಹಳೆಯದೆಲ್ಲ ಬಂಗಾರವೆಂದು ಹಾಡುವವರ ಗುಂಪಿಗೆ ನಾವು ಸೇರಿದವರಲ್ಲ. ಕುಡುಗೋಲಿನಿಂದ ಹೊಕ್ಕಳಬಳ್ಳಿ ಕೊಯ್ದು, ಬೂದಿ ಸಗಣಿ ಮೆತ್ತಿದ ಕಡೆಗಳಲ್ಲಿ ಧನುರ್ವಾಯು ಹಿಡಿದು ಸತ್ತ ಕೂಸುಗಳಿಗೆ ಲೆಕ್ಕವಿಲ್ಲ. ಮಾಸು ಬೀಳದೆ ರಕ್ತ ಹರಿಯತೊಡಗಿದರೆ ಎಂಥ ಅನುಭವಸ್ಥಳಾದ ಸೂಲಗಿತ್ತಿಗೂ ದೇವರನ್ನು ಕೂಗುವುದಲ್ಲದೆ ಬೇರೆ ದಾರಿಯಿರಲಿಲ್ಲ. ಕೂಸು ಅಡ್ಡ ಬಂದರೆ, ಬಸುರಿಗೆ ನಂಜೇರಿ ಸೆಳವು ಬಂದರೆ, ಬೇಕಾದುದು ಚುಚ್ಚುಮದ್ದು, ರಕ್ತ, ಶಸ್ತ್ರವೈದ್ಯ. ಬೆಂಗಳೂರಿನಲ್ಲಿ 1935ರಲ್ಲಿ ವಾಣಿವಿಲಾಸ ಆಸ್ಪತ್ರೆಯನ್ನು ಮೈಸೂರು ಸಂಸ್ಥಾನವು ಕಟ್ಟಿಸಿದುದು ಈ ಅರಿವಿನಿಂದ. ನಮ್ಮ ಹಾಸನದಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯ ಮಿಷನ್ ದಾದಿಯರು ಅದಕ್ಕೂ ಮುಂಚಿನಿಂದ ಮಾಡಿದ ಸೇವೆಯನ್ನು ಕೃತಜ್ಞತೆಯಿಂದ ನೆನೆಯದ ಹಳೆಯ ಮನೆತನಗಳು ವಿರಳ. ಸ್ವಾತಂತ್ರ್ಯಾನಂತರ ಸೂಲಗಿತ್ತಿಯರನ್ನು ಕರೆದು ಕೂರಿಸಿ, ಕೈ, ನೆಲ, ಅಲಗು, ದಾರ, ಹೊಕ್ಕಳು, ಈ ಐದೂ ಶುದ್ಧವಾಗಿರಬೇಕೆಂದು ಕಲಿಸಿದ ಆರೋಗ್ಯ ಸಂದರ್ಶಕಿಯರ ಶ್ರಮವೂ ಸಣ್ಣದಲ್ಲ. ಬಸುರಿಯರಿಗೆ ಧನುರ್ವಾಯುವಿನ ಚುಚ್ಚುಮದ್ದೂ ಈ ಶುದ್ಧಿಯೂ ಸೇರಿ, ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯುವಿನಿಂದ ಭಾರತ ಪಾರಾಯಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಸಾರಿದರು. ಆ ಗೆಲುವಿನಲ್ಲಿ ಸೂಲಗಿತ್ತಿಯರಿಗೂ ಪಾಲುಂಟು.

ಅಂಕೆಗಳು ಹೇಳುವುದನ್ನೂ ಕೇಳಬೇಕು. 1998–99ರ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ಹೆರಿಗೆಗಳಲ್ಲಿ ಅರ್ಧದಷ್ಟು ಮಾತ್ರ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದುವು. 2019–21ರ ಸಮೀಕ್ಷೆಯಲ್ಲಿ ಅದು ನೂರಕ್ಕೆ 97. 2005ರ ಜನನಿ ಸುರಕ್ಷಾ ಯೋಜನೆ, ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯರು, 2008ರ ರಾಜ್ಯೋತ್ಸವದಂದು ಮೊದಲಾದ 108ರ ಆಂಬುಲೆನ್ಸು, ಇವು ಈ ಬದಲಾವಣೆಯನ್ನು ತಂದುವು. ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ ನಮ್ಮ ರಾಜ್ಯದಲ್ಲಿ 2001–03ರಲ್ಲಿ 228 ಇದ್ದುದು 2018–20ರಲ್ಲಿ 69ಕ್ಕೆ ಇಳಿಯಿತು. ನಮ್ಮ ತಾಯಿಯ ಕಾಲದ ಆಷಾಢದ ಆ ರಾತ್ರಿಯನ್ನು ಮರಳಿ ತರಬೇಕೆಂದು ಈ ಅಂಕೆಗಳನ್ನು ನೋಡಿದ ಯಾರೂ ಹೇಳಲಾರರು. ಆದರೆ ಅದೇ ಲೆಕ್ಕದಲ್ಲಿ ಕೇರಳದ ಸಂಖ್ಯೆ 19, ತಮಿಳುನಾಡಿನದು 54. ದಕ್ಷಿಣದ ರಾಜ್ಯಗಳ ಪೈಕಿ ನಮ್ಮದೇ ಹೆಚ್ಚು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರು ಒಬ್ಬರ ಹಿಂದೊಬ್ಬರು ಸತ್ತು, ರಕ್ತನಾಳಕ್ಕೆ ಕೊಟ್ಟ ದ್ರಾವಣದ ಮೇಲೆಯೇ ಸಂದೇಹ ಬಿದ್ದು ಸರ್ಕಾರವು ಅದನ್ನು ತಡೆಹಿಡಿದುದು ವಾಚಕರ ನೆನಪಿನಿಂದ ಮಾಸಿರಲಾರದು.

ಬಳ್ಳಾರಿಯಂಥದು ಅಪರೂಪದ ಅನಾಹುತವೆಂದು ಇಟ್ಟುಕೊಳ್ಳೋಣ. ನಾವು ಹೇಳಬೇಕೆಂದಿರುವುದು ದಿನನಿತ್ಯದ ಮಾತು. ಕೆಲಕಾಲದ ಹಿಂದೆ ನಮ್ಮ ಬಂಧುಗಳ ಮನೆಯ ಹುಡುಗಿಯೊಬ್ಬಳನ್ನು ಚೊಚ್ಚಲು ಹೆರಿಗೆಗೆ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಯಾವ ಊರು, ಯಾವ ಆಸ್ಪತ್ರೆ ಎಂಬುದು ಬೇಡ, ಎಲ್ಲಿಯಾದರೂ ಇರಬಹುದು. ರಾತ್ರಿಯಿಡೀ ನಾವು ಹೊರಗಿನ ಸಿಮೆಂಟಿನ ಬೆಂಚಿನ ಮೇಲೆ ಕುಳಿತಿದ್ದೆವು. ತಾಯಿಯನ್ನು ಒಳಗೆ ಬಿಡಲಿಲ್ಲ, ಅತ್ತೆಯನ್ನೂ ಬಿಡಲಿಲ್ಲ. ಒಳಗಿಂದ ಹುಡುಗಿಯ ಕೂಗು, ಅದರ ಹಿಂದೆಯೇ ದಾದಿಯ ಗದರಿಕೆ ಕೇಳಿಸುತ್ತಿತ್ತು. ಆ ಗದರಿಕೆಯ ಮಾತುಗಳನ್ನು ಅಚ್ಚುಹಾಕುವಂತಿಲ್ಲ. ಕೂಸು ಸುಖವಾಗಿ ಹುಟ್ಟಿತು, ತಾಯಿಯೂ ಕ್ಷೇಮ; ವೈದ್ಯಶಾಸ್ತ್ರದ ದೃಷ್ಟಿಯಿಂದ ಲೋಪವೇನೂ ಇಲ್ಲ. ಬೆಳಗಿನ ಜಾವ ಆ ದಾದಿಯೇ ಹೊರಗೆ ಬಂದು ಗೋಡೆಗೆ ಒರಗಿ ನಿಂತುದನ್ನು ಕಂಡೆವು. ವಯಸ್ಸು ಮೂವತ್ತೂ ಇರಲಿಲ್ಲ. ಆ ರಾತ್ರಿ ಎಷ್ಟು ಹೆರಿಗೆಯಾಯಿತಮ್ಮ ಎಂದು ಕೇಳಿದುದಕ್ಕೆ ಬೆರಳು ಮಡಿಸಿ ಎಣಿಸಿ, "ಏಳು ಸಾರ್, ನಾನೊಬ್ಬಳೇ" ಎಂದಳು. ಆಕೆಯ ಮೇಲಿದ್ದ ನಮ್ಮ ಕೋಪ ಅಲ್ಲಿಯೇ ಇಳಿಯಿತು. ನರಸಮ್ಮನವರು ವಾರಕ್ಕೆ ನಾಲ್ಕು ಮಾಡಿಸಿದರು. ಈಕೆ ರಾತ್ರಿಗೆ ಏಳು. ಏಳು ಮಂಚಗಳ ನಡುವೆ ಓಡುವವಳು ಯಾವ ಮಂಚದ ಬಳಿ ಕುಳಿತು "ನಾನು ಇಲ್ಲೇ ಇದ್ದೇನೆ" ಎಂದು ಹೇಳಬೇಕು?

ಈ ಮಾತು ಬರಿಯ ಕಕ್ಕುಲತೆಯದಲ್ಲ. ಹೆರಿಗೆಯ ಹೊತ್ತಿನಲ್ಲಿ ಮೊದಲಿನಿಂದ ಕಡೆಯವರೆಗೆ ಒಬ್ಬಳು ಜೊತೆಗಿದ್ದರೆ ಬೇನೆಯ ಅವಧಿ ಕಡಮೆಯಾಗುವುದೆಂದೂ, ಹೊಟ್ಟೆ ಕೊಯ್ಯಬೇಕಾದ ಪ್ರಸಂಗಗಳು ಕಡಮೆಯಾಗುವುವೆಂದೂ ಹಲವು ದೇಶಗಳ ಪರೀಕ್ಷೆಗಳಿಂದ ತಿಳಿದುಬಂದಿದೆ. ನಮ್ಮ ರಾಜ್ಯದಲ್ಲಿ ನೂರು ಹೆರಿಗೆಗಳಲ್ಲಿ ಶಸ್ತ್ರಕ್ರಿಯೆಯಿಂದ ಆಗುವುವು 2015–16ರಲ್ಲಿ 24ರಷ್ಟಿದ್ದುದು 2019–21ರಲ್ಲಿ 31ನ್ನು ದಾಟಿತು. ಸರ್ಕಾರದವರಿಗೆ ಇದು ತಿಳಿಯದ ಸಂಗತಿಯಲ್ಲ. ಹೆರಿಗೆ ಕೋಣೆಯಲ್ಲಿ ಬಸುರಿಯ ಕಡೆಯ ಹೆಂಗಸೊಬ್ಬಳು ಇರಬಹುದೆಂದು ಕೇಂದ್ರವು 2016ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಿಗೆ ಬರೆಯಿತು. ಅಲ್ಲದೆ, ವೈದ್ಯರ ಕೈಕೆಳಗಿನ ಆಳಾಗಿ ಅಲ್ಲ, ಸಹಜ ಹೆರಿಗೆಯ ಪೂರ್ಣ ಹೊಣೆಯನ್ನು ತಾನೇ ಹೊರಬಲ್ಲ, ಹದಿನೆಂಟು ತಿಂಗಳು ವಿಶೇಷ ಶಿಕ್ಷಣ ಪಡೆದ ಸೂಲಗಿತ್ತಿ ದಾದಿಯರನ್ನು ದೇಶದಲ್ಲೆಲ್ಲ ತಯಾರಿಸಬೇಕೆಂಬ ಮಾರ್ಗಸೂಚಿಯನ್ನೂ ಕೇಂದ್ರ ಸರ್ಕಾರ ಹೊರಡಿಸಿತು. ಯಾವಾಗ? 2018ರ ಡಿಸೆಂಬರಿನಲ್ಲಿ. ನರಸಮ್ಮನವರು ತೀರಿಕೊಂಡ ತಿಂಗಳೇ ಅದು.

ಅಧಿಕಾರಸ್ಥರಾದ ನಮ್ಮ ವಾಚಕರು ದಯವಿಟ್ಟು ಒಂದು ದಿನ ಮುನ್ಸೂಚನೆಯಿಲ್ಲದೆ ತಮ್ಮ ತಾಲ್ಲೂಕಿನ ಹೆರಿಗೆ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲಲಿ. ಒಳಗೆ ಹೋಗುವುದು ಬೇಡ. ಬಾಗಿಲಲ್ಲಿ ನಿಂತು ಕಿವಿಗೊಟ್ಟರೆ ಸಾಕು. 2016ರ ಆ ಕಾಗದ ಎಲ್ಲಿದೆ, ಆ ರಾತ್ರಿಯ ಪಾಳಿಗೆ ಎಷ್ಟು ಮಂದಿ ದಾದಿಯರು ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿ ಬರಲಿ. ಕಟ್ಟಡಕ್ಕೆ ಬಣ್ಣ ಬಳಿಸಿದ ಫಲಕಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ನಮ್ಮ ರಾಜ್ಯದ ಪುಣ್ಯಕ್ಕೆ, ದಾದಿಯರ ಶಾಲೆಗಳಿಗೆ ಇಲ್ಲಿ ಬರವಿಲ್ಲ. ಕಲಿತ ಹೆಣ್ಣುಮಕ್ಕಳು ಮಾತ್ರ ಕೆಲಸ ಹುಡುಕಿ ಸಮುದ್ರ ದಾಟುತ್ತಿದ್ದಾರೆ.

ನರಸಮ್ಮನವರು ತಮ್ಮ ವಿದ್ಯೆಯನ್ನು ತಮ್ಮೊಡನೆ ಕೊಂಡೊಯ್ಯಲಿಲ್ಲ. ಮಗಳಿಗೂ, ಇನ್ನೂ ಅನೇಕ ಮಂದಿ ಹೆಂಗಸರಿಗೂ ಹೇಳಿಕೊಟ್ಟರು. ಹೇಳಿಕೊಡಲು ಯಾರೂ ಕೇಳದೆ ಹೋದವರ ವಿದ್ಯೆ ಅವರೊಡನೆ ಮಣ್ಣಾಯಿತು.

ಜನನವನ್ನು ನೋಂದಾಯಿಸಲು ಸರ್ಕಾರದವರ ನಮೂನೆಯೊಂದುಂಟೆಂಬುದನ್ನು ಗ್ರಾಮಲೆಕ್ಕಿಗರಾಗಿದ್ದ ನಮ್ಮ ವಾಚಕರು ಬಲ್ಲರು. ಅದರಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ಅವರ ವಿದ್ಯೆ, ಉದ್ಯೋಗ ಎಲ್ಲಕ್ಕೂ ಜಾಗವುಂಟು. ಹೆರಿಗೆಯ ಕಾಲದಲ್ಲಿ ಆರೈಕೆ ಯಾರದು ಎಂಬ ಕಲಮೂ ಉಂಟು: ಆಸ್ಪತ್ರೆಯೋ, ವೈದ್ಯರೋ ದಾದಿಯೋ, ಸಾಂಪ್ರದಾಯಿಕ ಸೂಲಗಿತ್ತಿಯೋ, ಬಂಧುಗಳೋ ಎಂದು ಗುರುತು ಹಾಕಬೇಕು. ಹೆಸರು ಬರೆಯಲು ಜಾಗವಿಲ್ಲ.

ಈ ಲೇಖನವನ್ನು ಬರೆಯುವುದಕ್ಕೆ ಮುಂಚೆ ನಾವು ಊರಿಗೆ ಹೋಗಿದ್ದೆವು. ನಮ್ಮ ಜೀವವುಳಿಸಿದ ಆ ಮುದುಕಿಯ ಹೆಸರನ್ನಾದರೂ ನರಸಮ್ಮನವರ ಹೆಸರಿನ ಪಕ್ಕದಲ್ಲಿ ಅಚ್ಚುಹಾಕಬೇಕೆಂಬ ಆಸೆ. ಆಕೆಯ ಗುಡಿಸಲಿದ್ದ ಕಡೆ ಈಗ ಎಳೆಯ ತೆಂಗಿನ ಸಸಿಗಳು ನಿಂತಿವೆ. ಮಕ್ಕಳು ಮೊಮ್ಮಕ್ಕಳು ಬೆಂಗಳೂರಿನ ಕಡೆ ಹೋದರೆಂದು ಮಾತ್ರ ತಿಳಿಯಿತು. ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಊರಿನಲ್ಲಿ ಉಳಿದಿರುವ ಹಿರಿಯಳಾದ ನಮ್ಮ ಸೋದರತ್ತೆಯವರು ಎಂಬತ್ತನ್ನು ಮೀರಿದವರು. ಅವರ ಮಕ್ಕಳೆಲ್ಲ ಅದೇ ಕೈಯಲ್ಲಿ ಹುಟ್ಟಿದವರು. ಅವರನ್ನು ಕೇಳಿದೆವು. ಬಿಸಿಲಿಗೆ ಕೈ ಮರೆಮಾಡಿಕೊಂಡು ಬಹಳ ಹೊತ್ತು ಯೋಚಿಸಿದರು.

"ಹೆಸ್ರಾ? ಸೂಲಗಿತ್ತಮ್ಮ ಅಂತಿದ್ವಪ್ಪ. ಬ್ಯಾರೆ ಏನಿತ್ತೋ, ಯಾರ್ ಕೇಳಿದ್ರು."